ಹಳೆಯ ಶಾಲೆಯ ಜಗಲಿಯನ್ನು ಒಡೆಯದೆಯೂ ಗಾಲಿಕುರ್ಚಿಗೆ ದಾರಿ ಮಾಡಬಹುದು

ಸಂಪಾದಕರಿಗೆ,

ಮಾನ್ಯರೇ,

ದಕ್ಷಿಣ ಕನ್ನಡ ಜಿಲ್ಲೆಯ ನಮ್ಮ ಗ್ರಾಮದಲ್ಲಿ ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡವೊಂದಿದೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಮಾಡು, ಮೂರು ಬದಿಗೂ ಸುತ್ತಿಕೊಂಡ ಜಗಲಿ, ಆ ಜಗಲಿಗೆ ಹತ್ತಲು ನಾಲ್ಕು ಕಲ್ಲಿನ ಮೆಟ್ಟಿಲು. ಶಾಲೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಖಾಲಿ ಬಿದ್ದಿದ್ದ ಇದಕ್ಕೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು, ಅಂದರೆ ಈಗಿನ ‘ಅರಿವು ಕೇಂದ್ರ’ವನ್ನು, ಸ್ಥಳಾಂತರಿಸುವ ಪ್ರಸ್ತಾವ ಬಂದಿರುವುದು ಊರಿನ ಎಲ್ಲರಿಗೂ ಸಂತೋಷ ತಂದಿದೆ. ಆದರೆ ಇದಕ್ಕಾಗಿ ತಯಾರಾದ ಅಂದಾಜುಪಟ್ಟಿಯಲ್ಲಿ ಮುಂಭಾಗದ ಮೆಟ್ಟಿಲುಗಳನ್ನು ಕಿತ್ತು, ಜಗಲಿಯ ಅಂಚನ್ನು ಒಡೆದು, ಅದೇ ಜಾಗದಲ್ಲಿ ಕಾಂಕ್ರೀಟ್ ಇಳಿಜಾರು ಸುರಿಯುವ ಕೆಲಸವೂ ಸೇರಿದೆ. ಇದರ ಬಗ್ಗೆ ಗ್ರಾಮಸಭೆಯಲ್ಲಿ ಮಾತು ಬಂದಾಗ ಕೆಲವರು ಹಳೆಯ ಕಟ್ಟಡ ಕೆಡುತ್ತದೆ, ಆದ್ದರಿಂದ ಇಳಿಜಾರೇ ಬೇಡ ಎಂದರು. ಇನ್ನು ಕೆಲವರು ನಡೆಯಲಾಗದವರಿಗೆ ದಾರಿ ಬೇಕೆಂದರೆ ಹಳೆಯದನ್ನು ಒಡೆಯದೆ ಗತ್ಯಂತರವಿಲ್ಲ ಎಂದರು. ಈ ಎರಡು ಮಾತುಗಳೂ ಸರಿಯಲ್ಲ ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ದಾರಿ ಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯವೇ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಯಮಗಳು ಪ್ರಕಟವಾದ 5 ವರ್ಷಗಳೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರೂ ಬಳಸುವಂತೆ ಆಗಬೇಕಿತ್ತು. ನಿಯಮಗಳು ಪ್ರಕಟವಾದದ್ದು 2017ರಲ್ಲಿ, ಅಂದರೆ ಆ ಗಡುವು 2022ರಲ್ಲೇ ಮುಗಿದುಹೋಗಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಈ ಅನುಕೂಲಗಳನ್ನು ಬರಿಯ ಶಿಫಾರಸಿನ ಮಟ್ಟದಲ್ಲಿ ಬಿಟ್ಟಿದ್ದ ನಿಯಮವು ಕಾಯ್ದೆಯ ಆಶಯಕ್ಕೇ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು; ದೇಶದ ಲೆಕ್ಕ ತೆಗೆದರೆ ಅಂಥವರಲ್ಲಿ ಶೇ 69ರಷ್ಟು ಮಂದಿ ಹಳ್ಳಿಗಳಲ್ಲೇ ಇದ್ದರು. ನಮ್ಮೂರಿನಲ್ಲಿ ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡ ಹಿರಿಯರೊಬ್ಬರು ಇಂದಿಗೂ ಗ್ರಂಥಾಲಯದ ಎದುರಿನ ರಸ್ತೆಯಲ್ಲಿ ತಮ್ಮ ಗಾಲಿಕುರ್ಚಿ ನಿಲ್ಲಿಸಿ, ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಒಳಗೆ ಕಳುಹಿಸುತ್ತಾರೆ. ಕಪಾಟಿನ ಮುಂದೆ ನಿಂತು, ಗೊತ್ತಿಲ್ಲದ ಪುಸ್ತಕವೊಂದನ್ನು ತೆಗೆದು ತಿರುವಿ ನೋಡುವ ಸಂತೋಷ ಅವರಿಗೆ ಸಿಕ್ಕಿಲ್ಲ. ಅವರನ್ನು ಇನ್ನಷ್ಟು ವರ್ಷ ಹೊರಗೆ ಕೂರಿಸಿ ಉಳಿಸಿಕೊಳ್ಳಬೇಕಾದ ಪರಂಪರೆ ಯಾವುದೂ ಇಲ್ಲ.

ಹಾಗಿದ್ದರೆ ಅಂದಾಜುಪಟ್ಟಿಯಲ್ಲಿರುವ ಇಳಿಜಾರಿಗೆ ವಿರೋಧ ಯಾಕೆ? ಅದು ಅವರನ್ನು ಒಳಗೆ ಕರೆದೊಯ್ಯುವುದಿಲ್ಲ ಎಂಬ ಕಾರಣಕ್ಕೇ. ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದ ಬೇಕು ಎನ್ನುವುದು ಮಾರ್ಗಸೂಚಿಗಳಲ್ಲಿ ಸಾಮಾನ್ಯವಾಗಿ ಇರುವ ಲೆಕ್ಕ. ನಾಲ್ಕು ಮೆಟ್ಟಿಲೆಂದರೆ ಸುಮಾರು ಎರಡು ಅಡಿ ಎತ್ತರ, ಅದಕ್ಕೆ 24 ಅಡಿ ಇಳಿಜಾರು ಬೇಕು, ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಸಮತಟ್ಟಾದ ಜಾಗ ಬೇರೆ. ಮೆಟ್ಟಿಲಿದ್ದಷ್ಟೇ ಜಾಗದಲ್ಲಿ ಅದನ್ನು ಮುಗಿಸಿದರೆ ಆಗುವುದು ತೀರಾ ಕಡಿದಾದ ಏರು, ಅಲ್ಲಿ ಬಲಶಾಲಿಯೊಬ್ಬ ಹಿಂದಿನಿಂದ ತಳ್ಳಿದರೂ ಕುರ್ಚಿ ಹಿಂದಕ್ಕೆ ಜಾರುತ್ತದೆ, ಇಳಿಯುವಾಗಲಂತೂ ಪ್ರಾಣಕ್ಕೇ ಅಪಾಯ. ನುಣುಪು ಟೈಲ್ಸ್ ಹಾಕಿ, ಹಿಡಿಕೆಯಿಲ್ಲದೆ, ಕೊನೆಯಲ್ಲಿ ಎತ್ತರದ ಹೊಸ್ತಿಲಿಗೆ ತಾಗಿ ನಿಂತುಹೋಗುವ ಇಂತಹ ಇಳಿಜಾರುಗಳು ಎಷ್ಟೋ ಸಾರ್ವಜನಿಕ ಕಟ್ಟಡಗಳ ಮುಂದೆ ಇವೆ. ಬೈಕ್ ನಿಲ್ಲಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅವು ಉಪಯೋಗವಾಗಿಲ್ಲ. ಕಡತದಲ್ಲಿ ಮಾತ್ರ ಕಾಮಗಾರಿ ಪೂರ್ಣ ಎಂದು ನಮೂದಾಗಿರುತ್ತದೆ.

ಕಟ್ಟಡಕ್ಕೆ ಆಗುವ ಹಾನಿಯನ್ನೂ ಹೇಳಬೇಕು, ಏಕೆಂದರೆ ಅದು ಅಂದಚೆಂದದ ಪ್ರಶ್ನೆ ಮಾತ್ರವಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಸೂರಿನಿಂದ ಸುರಿದ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯಬಾರದು, ಅಂಗಳದ ಹಸಿ ಒಳಗೆ ಏರಬಾರದು, ಗೆದ್ದಲು ಸುಲಭವಾಗಿ ಮರಕ್ಕೆ ಹತ್ತಬಾರದು ಎಂದೇ ನಮ್ಮ ಹಿರಿಯರು ಪಂಚಾಂಗವನ್ನು, ಅಂದರೆ ಕಟ್ಟಡದ ತಳಪಾಯದ ಕಟ್ಟೆಯನ್ನು, ಎತ್ತರಿಸಿ ಸುತ್ತಲೂ ಜಗಲಿ ಕಟ್ಟಿದರು. ಮುರಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಹೀರಿಕೊಂಡು ಬಿಸಿಲು ಬಂದಾಗ ಸುಣ್ಣದ ಗಾರೆಯ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಅದಕ್ಕೆ ತಾಗಿಸಿ ಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಹಾಕಿದರೆ ನೀರಿಗೆ ಹೊರಹೋಗುವ ದಾರಿ ತಪ್ಪಿ ಗೋಡೆಯೊಳಗೇ ಮೇಲೇರುತ್ತದೆ, ಗಾರೆ ಉದುರುತ್ತದೆ, ಆ ಮೇಲೆ ಅದನ್ನು ಮುಚ್ಚಲು ಸಿಮೆಂಟ್ ಬಳಿಯುತ್ತಾರೆ, ತೇವ ಇನ್ನೂ ಮೇಲಕ್ಕೆ ಹೋಗುತ್ತದೆ. ಹತ್ತು ಹದಿನೈದು ಮಳೆಗಾಲ ಕಳೆದ ಮೇಲೆ ‘ಕಟ್ಟಡ ಶಿಥಿಲವಾಗಿದೆ, ಕೆಡವಬೇಕು’ ಎಂಬ ವರದಿ ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಕರಾವಳಿಯ ಉದ್ದಕ್ಕೂ ಬೆಳೆದ ಈ ಬಗೆಯ ಕಟ್ಟಡಗಳಲ್ಲಿ ಹಲವು ಹೀಗೆ ಒಳ್ಳೆಯ ಉದ್ದೇಶದ ದುರಸ್ತಿಗಳಿಂದಲೇ ನಾಶವಾಗಿವೆ.

ಪರಿಹಾರ ನಮ್ಮ ಶಾಲೆಯ ಅಂಗಳದಲ್ಲೇ ಇದೆ. ಕರಾವಳಿಯ ಹೆಚ್ಚಿನ ಹಳೆಯ ಕಟ್ಟಡಗಳಂತೆ ಇದೂ ಗುಡ್ಡದ ಬದಿಯನ್ನು ತಗ್ಗಿಸಿ ಕಟ್ಟಿದ್ದು. ಮುಂಭಾಗದಲ್ಲಿ ನೆಲ ಜಗಲಿಗಿಂತ ಎರಡು ಅಡಿ ಕೆಳಗಿದ್ದರೆ, ಉತ್ತರದ ಬದಿಯಲ್ಲಿ ನೆಲ ಏರುತ್ತ ಬಂದು ಜಗಲಿಗೂ ಅದಕ್ಕೂ ಒಂದು ಗೇಣಿನ ಅಂತರ ಮಾತ್ರ ಉಳಿದಿದೆ. ರಸ್ತೆಯಿಂದ ಗೇಟು ದಾಟಿ, ಹಲಸಿನ ಮರದ ಆಚೆಯಿಂದ ನೆಲದ ಏರನ್ನೇ ಅನುಸರಿಸಿ ಬಳಸಿಕೊಂಡು ಬರುವ ನಾಲ್ಕೈದು ಅಡಿ ಅಗಲದ ಕಾಲುದಾರಿಯೊಂದನ್ನು ಒರಟು ಮೈಯ ಕಲ್ಲುಚಪ್ಪಡಿಯಲ್ಲಿ ಹಾಸಿದರೆ, ಕುರ್ಚಿಯಲ್ಲಿ ಕುಳಿತವರು ಯಾರ ಸಹಾಯವೂ ಇಲ್ಲದೆ ಜಗಲಿಯ ಮಟ್ಟಕ್ಕೆ ಬರಬಹುದು. ಉಳಿದ ಗೇಣು ಎತ್ತರಕ್ಕೆ ಗೋಡೆಯನ್ನು ಮುಟ್ಟದೆ ತನ್ನ ಕಾಲಿನ ಮೇಲೆ ತಾನು ನಿಲ್ಲುವ, ಬೇಕಾದಾಗ ಬಿಚ್ಚಿ ತೆಗೆಯಬಹುದಾದ ಹತ್ತಡಿಯ ಮರದ ಅಥವಾ ಕಬ್ಬಿಣದ ಸೇತುವೆ ಸಾಕು. ಅದರ ಅಡಿಯಲ್ಲಿ ಗಾಳಿಯೂ ನೀರೂ ಹಾಯುತ್ತವೆ, ಹಿಡಿಕೆಗಳನ್ನು ಜಗಲಿಯ ಮರದ ಕಂಬಗಳಿಗೆ ಮೊಳೆ ಹೊಡೆದು ಕಟ್ಟಬೇಕಾಗಿಲ್ಲ. ಚುನಾವಣೆಯ ದಿನ ಮತಗಟ್ಟೆಗಳ ಮುಂದೆ ಮರದ ತಾತ್ಕಾಲಿಕ ಇಳಿಜಾರು ಜೋಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮತ ಹಾಕುವ ದಿನಕ್ಕೆ ಸಾಧ್ಯವಾದದ್ದು ಪುಸ್ತಕ ಓದುವ ದಿನಗಳಿಗೂ ಸಾಧ್ಯವಾಗಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲವರನ್ನು ಹಿಂಬದಿಯಿಂದ ಮಾತ್ರ ಒಳಗೆ ಬಿಡುವುದು ನಮ್ಮ ಸಮಾಜದಲ್ಲಿ ಎಂಥ ನೋವಿನ ಚರಿತ್ರೆಯುಳ್ಳ ಸಂಗತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಉತ್ತರದ ದಾರಿ ಅಂಗವಿಕಲರ ದಾರಿ ಆಗಬಾರದು, ಗ್ರಂಥಾಲಯದ ದಾರಿಯೇ ಆಗಬೇಕು. ನಾಮಫಲಕ ಅಲ್ಲಿರಲಿ, ಚಪ್ಪಲಿ ಬಿಡುವ ಜಾಗ ಅಲ್ಲಿರಲಿ, ಪತ್ರಿಕೆ ಓದುವ ಮೇಜು ಆ ಬದಿಯ ಜಗಲಿಯಲ್ಲೇ ಇರಲಿ, ಮಕ್ಕಳೂ ಹಿರಿಯರೂ ಅಧಿಕಾರಿಗಳೂ ಅಲ್ಲಿಂದಲೇ ಬರಲಿ. ತಲೆಮಾರುಗಳ ಮಕ್ಕಳ ಕಾಲು ಸವೆಸಿದ ಮುಂದಿನ ನಾಲ್ಕು ಮೆಟ್ಟಿಲುಗಳು ಇದ್ದಂತೆಯೇ ಉಳಿಯಲಿ. ಮಂದದೃಷ್ಟಿಯವರಿಗೆ ಕಾಣುವಂತೆ ಅಂಚಿಗೆ ಬಿಳಿ ಸುಣ್ಣದ ಪಟ್ಟಿ ಎಳೆದರೆ ಸಾಕು.

ಬಾಗಿಲಿನದು ಇನ್ನೊಂದು ಪ್ರಶ್ನೆ. ನಮ್ಮ ಶಾಲೆಯ ಬಾಗಿಲುಗಳು ಎರಡು ಹಲಗೆಯವು, ಒಂದೇ ಹಲಗೆ ತೆರೆದರೆ ಕುರ್ಚಿ ಹೋಗುವುದಿಲ್ಲ. ಎರಡನ್ನೂ ತೆರೆದು ಗೋಡೆಗೆ ಕೊಕ್ಕೆ ಹಾಕಿದರೆ ಮಾರ್ಗಸೂಚಿ ಕೇಳುವ 900 ಮಿಲಿಮೀಟರ್ ಅಗಲ ಸಿಗುತ್ತದೆ. ಹೊಸ್ತಿಲನ್ನು ಗರಗಸದಿಂದ ಕತ್ತರಿಸುವ ಅಗತ್ಯವಿಲ್ಲ, ಎರಡೂ ಕಡೆ ಇಳಿಜಾರಾಗಿ ಹೆರೆದ ಮರದ ತುಂಡುಗಳನ್ನು ಕೂರಿಸಬಹುದು. ಎಲ್ಲರಿಗೂ ಬಳಸಲು ಬರುವ ಶೌಚಾಲಯವನ್ನು ಹಳೆಯ ಕೋಣೆಯೊಂದನ್ನು ಒಡೆದು ಒಳಗೆ ತುರುಕುವ ಬದಲು ಅಂಗಳದಲ್ಲಿ ಪ್ರತ್ಯೇಕವಾಗಿ, ಅದೇ ಕಾಲುದಾರಿಯ ಮಟ್ಟದಲ್ಲಿ ಕಟ್ಟಬೇಕು. ಕಾಯ್ದೆ ಗುರುತಿಸುವ ಅಂಗವೈಕಲ್ಯಗಳು 21 ಬಗೆಯವು, ಗಾಲಿಕುರ್ಚಿಗೆ ದಾರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಳೆಯ ಕಟ್ಟಡಗಳ ಒಳಗೆ ಬೆಳಕು ಕಡಿಮೆ ಎಂಬುದನ್ನು ನೆನಪಿಟ್ಟು ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಹಾಕಿದರೆ ಕಣ್ಣು ಮಂಜಾದ ಓದುಗರಿಗೆಲ್ಲ ಉಪಕಾರವಾಗುತ್ತದೆ.

ಇದನ್ನೆಲ್ಲ ನೋಡುವವರು ಯಾರು ಎಂಬಲ್ಲಿಯೇ ತೊಡಕಿರುವುದು. ರಾಜ್ಯದ 1961ರ ಸ್ಮಾರಕ ಸಂರಕ್ಷಣಾ ಕಾಯ್ದೆ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ಅನ್ವಯಿಸುತ್ತದೆ. ಹಳ್ಳಿಯ ಶಾಲೆ, ಚಾವಡಿ, ಹಳೆಯ ಅಂಚೆ ಕಚೇರಿಗಳು ಆ ಪಟ್ಟಿಗೆ ಬರುವುದು ಅಪರೂಪ. ಹಾಗಾಗಿ ಮಾದರಿ ಅಂದಾಜುಪಟ್ಟಿಯಲ್ಲಿರುವ ಕಾಂಕ್ರೀಟ್ ಇಳಿಜಾರೇ ಎಲ್ಲ ಕಟ್ಟಡಗಳಿಗೂ ಬಂದು ಕೂರುತ್ತದೆ. ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕೆಂಬ ನಿಯಮವಿದೆ, ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೂ ನಕ್ಷೆ ಬರೆಯುವ ಮುನ್ನ ಅವರನ್ನು ಕರೆದು ಕೇಳುವ ಪದ್ಧತಿ ಬೆಳೆದಿಲ್ಲ.

ನಮ್ಮೂರಿನ ಕಾಮಗಾರಿಗೆ ಟೆಂಡರ್ ಕರೆಯುವ ಮೊದಲು, ಪಂಚಾಯಿತಿ ಎಂಜಿನಿಯರ್, ಪುನರ್ವಸತಿ ಕಾರ್ಯಕರ್ತರು, ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಒಬ್ಬರು ಮತ್ತು ಗಾಲಿಕುರ್ಚಿ ಬಳಸುವ ನಮ್ಮ ಆ ಹಿರಿಯ ಓದುಗರು ಒಟ್ಟಿಗೆ ಒಂದು ಬೆಳಿಗ್ಗೆ ಆ ಅಂಗಳದಲ್ಲಿ ಓಡಾಡಿ ದಾರಿಯನ್ನು ಗುರುತು ಹಾಕಬೇಕೆಂದು ಸಂಬಂಧಪಟ್ಟವರಲ್ಲಿ ಈ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಮಳೆಗಾಲ ಹಿಡಿದ ಮೇಲೆ ಈ ಕೆಲಸ ಆಗುವುದಿಲ್ಲ. ಅಷ್ಟರೊಳಗೆ ಅಂದಾಜುಪಟ್ಟಿಯನ್ನು ಬದಲಾಯಿಸಲು ಸಾಕಷ್ಟು ಸಮಯವಿದೆ.

ಇಂತಿ,
ಗ್ರಂಥಾಲಯದ ಓದುಗ, ದಕ್ಷಿಣ ಕನ್ನಡ