ನಮಗೋಸ್ಕರ ರೂಮ್ ಬೇಡ ಮಗಳೇ

ಪುಟ್ಟಿ,

ಎರಡೂ ಮನೆಗಳ ಫೋಟೋ ನೋಡಿದೆ. ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಪ್ಲಾನ್ ಕೂಡ ನೋಡಿದರು. ದೂರದ ಮನೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 1,900 ಚದರಡಿ, ನಾಲ್ಕು ಬೆಡ್‌ರೂಮ್, ಮುಂದೆ ಗಿಡ ಬೆಳೆಸುವಷ್ಟು ಜಾಗ. ಹತ್ತಿರದ್ದು 1,100 ಚದರಡಿ, ಎರಡೇ ಬೆಡ್‌ರೂಮ್, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. "ಅದೇ ದುಡ್ಡಿಗೆ ಅಷ್ಟು ದೊಡ್ಡ ಮನೆ ಸಿಗುವಾಗ ಚಿಕ್ಕದು ತಗೊಳ್ಳೋದು ದಡ್ಡತನ ಅಲ್ವಾ ಅಮ್ಮ" ಅಂದೆ ನೀನು. ಆಗ ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ನಾನು ಶುರು ಮಾಡಿದರೆ ನೀನು "ಆಯ್ತಮ್ಮ, ಆಯ್ತಮ್ಮ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಅದೇ ದುಡ್ಡಿಗೆ ಅಂತ ಹೇಗೆ ಹೇಳುತ್ತೀಯ? ದುಡ್ಡು ಅದೇ, ಅದರ ಮೇಲೆ ದಿನಕ್ಕೆ ಒಂದೂವರೆ ಗಂಟೆ ಬೇರೆ.

ಹತ್ತಿರದ ಮನೆಯಿಂದ ಆಫೀಸಿಗೆ 20 ನಿಮಿಷ, ದೂರದ್ದರಿಂದ 65 ನಿಮಿಷ ಅಂತ ನೀನೇ ಹೇಳಿದ್ದು. ಹೋಗುವಾಗ 45 ನಿಮಿಷ ಜಾಸ್ತಿ, ಬರುವಾಗಲೂ ಅಷ್ಟೇ. ವರ್ಷಕ್ಕೆ 230 ದಿನ ಕೆಲಸ ಅಂದುಕೊಂಡರೆ 345 ಗಂಟೆ ಆಯಿತು. ಎಂಟು ಗಂಟೆಯ ಆಫೀಸ್ ದಿನಕ್ಕೆ ಭಾಗಿಸಿ ನೋಡು, 43 ದಿನ. ಸಂಬಳವಿಲ್ಲದೆ ವರ್ಷಕ್ಕೆ 43 ದಿನ ಹೆಚ್ಚಿಗೆ ಕೆಲಸ ಮಾಡು ಅಂತ ನಿನ್ನ ಬಾಸ್ ಹೇಳಿದರೆ ಅವತ್ತೇ ರಾಜೀನಾಮೆ ಕೊಟ್ಟು ಬರುತ್ತೀಯ. ಸಾಲ 20 ವರ್ಷದ್ದು. ಅಷ್ಟೂ ವರ್ಷ ಹೀಗೇ ಓಡಾಡಿದರೆ 6,900 ಗಂಟೆ. ಹಗಲು ರಾತ್ರಿ ಸೇರಿಸಿ ಒಂಬತ್ತು ತಿಂಗಳಿಗೂ ಮೇಲೆ ರಸ್ತೆಯಲ್ಲೇ ಇದ್ದ ಹಾಗೆ. ಇದು ಒಬ್ಬರ ಲೆಕ್ಕ. ಅಳಿಯಂದಿರೂ ಅದೇ ಕಡೆಗೆ ಹೋಗಬೇಕು ತಾನೇ?

ವಾರಕ್ಕೆ ಮೂರೇ ದಿನ ಆಫೀಸು, ಉಳಿದದ್ದು ಮನೆಯಿಂದ ಅನ್ನುತ್ತೀಯ. ಸರಿ, 207 ಗಂಟೆಗೆ ಇಳಿಯಿತು. ಆದರೆ ಆ ಮೂರು ದಿನದ ಮಾತು ನಿನ್ನ ಆಫೀಸಿನದ್ದು, ನಿನ್ನದಲ್ಲ. ಒಂದು ಈಮೇಲ್ ಬಂದರೆ ಐದಾಗುತ್ತದೆ. ಸಾಲದ ಕಂತು ಮಾತ್ರ 20 ವರ್ಷ ಹಾಗೇ ಇರುತ್ತದೆ.

ಇಷ್ಟು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳಲ್ವಾ, ಈ ವಿಷಯ ಯಾರಾದರೂ ಕೂತು ಲೆಕ್ಕ ಹಾಕಿರಬೇಕಲ್ಲ ಅಂತ ಹುಡುಕಿದೆ. ಹಾಕಿದ್ದಾರೆ. ವಿಲಿಯಂ ಅಲೊನ್ಸೊ ಅನ್ನುವವರು 1964ರಲ್ಲೇ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಊರಿನ ನಡುವಿನಿಂದ ದೂರ ಹೋದ ಹಾಗೆ ಜಾಗ ಅಗ್ಗ. ಜನ ಓಡಾಟದ ಕಷ್ಟವನ್ನೂ ಜಾಗದ ಸುಖವನ್ನೂ ತೂಗಿ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. ನೀನು ಫೋನಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೇಳೋಕೆ ಸರಿಯಾಗೇ ಇದೆ. ಆದರೆ ಇದು ನಿಜವಾದರೆ ದೂರದಿಂದ ಓಡಾಡುವವರೂ ಹತ್ತಿರ ಇರುವವರೂ ಜೀವನದಲ್ಲಿ ಒಂದೇ ಮಟ್ಟಕ್ಕೆ ನೆಮ್ಮದಿಯಾಗಿ ಇರಬೇಕು. ಒಬ್ಬರಿಗೆ ಮನೆ ಸಿಕ್ಕಿತು, ಇನ್ನೊಬ್ಬರಿಗೆ ಹೊತ್ತು ಸಿಕ್ಕಿತು, ಸಮ ಆಯಿತು. ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಎಷ್ಟೋ ವರ್ಷದ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದರು. 2004ರಲ್ಲಿ ಮೊದಲು ಹೊರಬಂತು. ಸಮ ಆಗಿರಲಿಲ್ಲ. ದಾರಿ ಉದ್ದವಾದಷ್ಟೂ ಜನ ತಮ್ಮ ಬದುಕಿಗೆ ಕಡಿಮೆ ಅಂಕ ಕೊಟ್ಟಿದ್ದರು. ಮನೆಯಾಗಲಿ ಸಂಬಳವಾಗಲಿ ಆ ನಷ್ಟವನ್ನು ಪೂರ್ತಿ ತುಂಬಿರಲಿಲ್ಲ.

ಯಾಕೆ ಹೀಗೆ ಅಂತ ನನಗೆ ಅನ್ನಿಸುವುದು ಇಷ್ಟು. ದೊಡ್ಡ ಹಾಲ್ ನಮಗೆ ಬೇಗ ರೂಢಿಯಾಗುತ್ತದೆ. ಮೊದಲ ತಿಂಗಳು ಬಂದವರಿಗೆಲ್ಲ ತೋರಿಸುತ್ತೀವಿ. ಆರು ತಿಂಗಳಿಗೆ ಅದು ಸುಮ್ನೆ ಹಾಲ್. ರಸ್ತೆ ಮಾತ್ರ ರೂಢಿಯಾಗುವುದಿಲ್ಲ. ಅದರ ಕಷ್ಟ ದಿನಕ್ಕೊಂದು ಥರ. ಇವತ್ತು ಮಳೆ, ನಾಳೆ ಅಗೆತ, ನಾಡಿದ್ದು ಯಾರದೋ ಲಾರಿ ಕೆಟ್ಟು ನಿಂತಿರುತ್ತದೆ. ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರನ್ನು ಹಿಂದಿನ ದಿನದ ಒಂದೊಂದು ಹೊತ್ತೂ ಹೇಗಿತ್ತು ಅಂತ ಕೇಳಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣಕ್ಕೆ ಎಲ್ಲಕ್ಕಿಂತ ಕೆಳಗಿನ ಜಾಗ. ಪಾತ್ರೆ, ಬಟ್ಟೆ, ಆಫೀಸಿನ ಕೆಲಸ ಎಲ್ಲವೂ ಅದಕ್ಕಿಂತ ವಾಸಿ.

ಇದನ್ನು ಓದಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ನನ್ನ ಬಸ್ಸಿನ ಕಾಲ ನಿನಗೂ ನೆನಪಿರಬಹುದು. ಮೇಲಿನ ಕಂಬಿ ಹಿಡಿದು ನಿಂತೂ ನಿಂತೂ ಭುಜ ಸೋತಿರುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಿಸಬಾರದು ಅನ್ನಿಸುತ್ತಿತ್ತು. ನಿನಗೆ ಅದು ಗೊತ್ತಿತ್ತು. ನಾನು ಮುಖ ತೊಳೆದು, ಬಟ್ಟೆ ಬದಲಾಯಿಸಿ, ಗೋಡೆಗೆ ಒರಗಿ ಕೂತ ಮೇಲೇ ನೀನು ಮಾರ್ಕ್ಸ್ ಕಾರ್ಡ್ ತರುತ್ತಿದ್ದದ್ದು. ಕಳ್ಳಿ! ಪ್ರಯಾಣ 65 ನಿಮಿಷಕ್ಕೆ ಮುಗಿಯುವುದಿಲ್ಲ ಅಂತ ಹೇಳೋಕೆ ಇದನ್ನು ಬರೆದೆ. ಅದರ ಸಿಡುಕು ಇಳಿಯುವ ಹೊತ್ತನ್ನೂ ಸೇರಿಸಿಕೋ.

ಈಗ ರೂಮುಗಳ ವಿಷಯ. ನಾಲ್ಕು ಬೆಡ್‌ರೂಮ್ ಯಾತಕ್ಕೆ ಅಂದಾಗ ನೀನು ಎಣಿಸಿದೆ. ನಿಮಗೊಂದು, ಮಗುವಿಗೊಂದು, ಕೆಲಸಕ್ಕೊಂದು, ನಾವು ಬಂದಾಗ ಇರಲಿ ಅಂತ ಒಂದು. ಮೊದಲ ಮೂರನ್ನು ಒಪ್ಪುತ್ತೇನೆ. ನಾಲ್ಕನೆಯದನ್ನು ನನ್ನ ಹೆಸರಿನಲ್ಲಿ ಬರೆಯಬೇಡ. ನಾವು ವರ್ಷಕ್ಕೆ ಎಷ್ಟು ಸಲ ಬರುತ್ತೀವಿ ಅಂತ ನಿನಗೇ ಗೊತ್ತು. ಆ ನಾಲ್ಕು ದಿನಕ್ಕೋಸ್ಕರ ಉಳಿದ ದಿನವೆಲ್ಲ ನೀನು ಸ್ಟೀರಿಂಗ್ ಹಿಡಿದು ಕೂರುವುದು ಯಾವ ನ್ಯಾಯ? ನಾವು ಬಂದಾಗಲಾದರೂ ನೀನು ಸಿಗುತ್ತೀಯಾ? ನಾವಿಬ್ಬರೂ ಆ ದೊಡ್ಡ ಹಾಲ್‌ನಲ್ಲಿ ಟಿವಿ ಹಾಕಿಕೊಂಡು, ಇನ್ನೂ ಯಾಕೆ ಬರಲಿಲ್ಲ ಅಂತ ಗಡಿಯಾರ ನೋಡುತ್ತಾ ಕೂರಬೇಕು. ಹಾಲ್‌ನಲ್ಲಿ ಹಾಸಿಗೆ ಹಾಸಿ ಮಲಗಿ ಅಭ್ಯಾಸ ಇರುವವರು ನಾವು. ನಿಮ್ಮಪ್ಪನ ಗೊರಕೆಗೆ ರೂಮ್ ಬೇಕು ಅಂದರೆ ಅದು ಬೇರೆ ಮಾತು.

ಹೆಚ್ಚಿಗೆ ಜಾಗ ಇದ್ದರೆ ಅದು ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅಲ್ಲಿನ 32 ಕುಟುಂಬಗಳ ಮನೆಯೊಳಗೇ ಹೋಗಿ, ಯಾರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ ಅಂತ ಗಮನಿಸಿದರು. ಮನೆಮಂದಿ ಮತ್ತೆ ಮತ್ತೆ ಸೇರುತ್ತಿದ್ದದ್ದು ಅಡುಗೆಮನೆಯ ಸುತ್ತ. ಎಷ್ಟೋ ಜನ ತಮ್ಮ ಹಿತ್ತಲಿಗೆ ಕಾಲೇ ಇಡುತ್ತಿರಲಿಲ್ಲ. ನಾಲ್ಕರಲ್ಲಿ ಮೂರು ಗ್ಯಾರೇಜ್‌ಗಳಲ್ಲಿ ಸಾಮಾನು ತುಂಬಿ, ಕಾರಿಗೇ ಜಾಗ ಇರಲಿಲ್ಲ! ಖಾಲಿ ರೂಮ್ ಖಾಲಿ ಇರುವುದಿಲ್ಲ ಪುಟ್ಟಿ. ಒಡೆದ ಸೂಟ್‌ಕೇಸು, ಹಳೇ ಫ್ಯಾನು, "ಆಮೇಲೆ ನೋಡೋಣ" ಅಂತ ಇಟ್ಟ ಡಬ್ಬಗಳು ಬಂದು ಕೂರುತ್ತವೆ. ಅದನ್ನೂ ಗುಡಿಸಬೇಕು, ಒರೆಸಬೇಕು, ಬಣ್ಣ ಹೊಡೆಸಬೇಕು. ರಸ್ತೆ ನಿನ್ನ ಐದು ದಿನ ತಿಂದರೆ, 1,900 ಚದರಡಿ ಶನಿವಾರ ತಿನ್ನುತ್ತದೆ.

ಚಿಕ್ಕ ಮನೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಒಂದೇ ದಿನ ಮನೆಯಿಂದ ಕೆಲಸ ಮಾಡುವುದು, ಮಗು ಅಳುವುದು, ಒಬ್ಬರ ಮೀಟಿಂಗು ಇನ್ನೊಬ್ಬರ ಕಿವಿಯಲ್ಲಿ. ಅದು ಜಗಳಕ್ಕೆ ದಾರಿ. ಆದರೆ ಅಲ್ಲಿ ಬೇಕಾಗುವುದು ಚದರಡಿ ಅಲ್ಲ, ಮುಚ್ಚಲು ಒಂದು ಬಾಗಿಲು. ನೀನು ಕಳಿಸಿದ ಪ್ಲಾನ್‌ನಲ್ಲಿ ಊಟದ ಜಾಗದ ಪಕ್ಕ ಒಂದು ಮೂಲೆ ಇದೆ, ಕಿಟಕಿಯೂ ಇದೆ. ಅಲ್ಲಿ ಗೋಡೆ ಎಬ್ಬಿಸಿ ಬಾಗಿಲು ಇಟ್ಟರೆ ಮೇಜು ಕುರ್ಚಿ ಹಿಡಿಯುತ್ತದೆ ಅಂತ ನಿಮ್ಮಪ್ಪ ಸ್ಕೇಲ್ ಇಟ್ಟು ಅಳೆದಿದ್ದಾರೆ. ಇಂಜಿನಿಯರ್ ಒಬ್ಬರಿಗೆ ತೋರಿಸು. ಅದು ಆಗುವುದಿಲ್ಲ ಅಂದರೆ, ಆ ಮನೆ ನಿಮಗೆ ನಿಜವಾಗಿಯೂ ಚಿಕ್ಕದೇ. ಆಗ ನಾನು ಹಟ ಮಾಡುವುದಿಲ್ಲ.

ದೂರ ಅಂದರೆ ಎಲ್ಲವೂ ಕೆಟ್ಟದ್ದೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಹೋಗುವವರನ್ನು ನಿಮಗೆ ಎಷ್ಟು ಹೊತ್ತಿನ ಪ್ರಯಾಣ ಇಷ್ಟ ಅಂತ ಕೇಳಿದರೆ, ಸೊನ್ನೆ ಅಂದವರು ತೀರಾ ಕಡಿಮೆಯಂತೆ. ಸರಾಸರಿ 16 ನಿಮಿಷ ಬಂತು. ಮನೆಗೂ ಆಫೀಸಿಗೂ ನಡುವೆ ಸ್ವಲ್ಪ ಹೊತ್ತು ನಮಗೇ ಅಂತ ಇರಬೇಕು, ಅದು ನನಗೂ ಗೊತ್ತು. ಸೀಟು ಗ್ಯಾರಂಟಿ ಇರುವ ರೈಲಾದರೆ 40 ನಿಮಿಷವನ್ನೂ ನಾನು ಕ್ಷಮಿಸುತ್ತೇನೆ. ಓದಬಹುದು, ತೂಕಡಿಸಬಹುದು. ನಿನ್ನದು ಕಾರು. ಕಣ್ಣು, ಕೈ, ಕಾಲು ಎಲ್ಲ ಅದಕ್ಕೇ ಕೊಟ್ಟು ಕೂರಬೇಕು.

ಬ್ರೋಕರ್ ಒಂದು ಮಾತು ಹೇಳಿದನಂತಲ್ಲ, ರಸ್ತೆ ಅಗಲ ಮಾಡುತ್ತಾರೆ, ಆಮೇಲೆ ಅರ್ಧ ಗಂಟೆಯ ದಾರಿ ಅಂತ. ಅದನ್ನು ನಂಬಿ ಸಹಿ ಹಾಕಬೇಡ. ರಸ್ತೆ ಅಗಲವಾದರೆ ಆಸುಪಾಸಿನವರೆಲ್ಲ ಅದಕ್ಕೇ ಬಂದು ಸೇರುತ್ತಾರೆ, ಇನ್ನೂ ದೂರ ಮನೆ ಕಟ್ಟುತ್ತಾರೆ, ಬೇಗ ಹೊರಡುತ್ತಿದ್ದವರೂ ಅದೇ ಹೊತ್ತಿಗೆ ಹೊರಡುತ್ತಾರೆ. ಆಂಥೋನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 1962ರಲ್ಲೇ ಹೇಳಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಊರುಗಳ ಲೆಕ್ಕ ತೆಗೆದು, ದೊಡ್ಡ ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನಗಳ ಓಟವೂ ಹತ್ತಿರಹತ್ತಿರ ಅಷ್ಟೇ ಹೆಚ್ಚಿತು ಅಂತ ತೋರಿಸಿದರು. ಇವತ್ತು ಇರುವ ರಸ್ತೆಗೆ ಮನೆ ತಗೋ, ಮುಂದೆ ಬರುವ ರಸ್ತೆಗೆ ಬೇಡ.

ದುಡ್ಡಿನ ಕಡೆಯಿಂದಲೂ ಒಂದು ಮಾತು. ಬ್ಯಾಂಕಿನವರು ಸಂಬಳ ನೋಡುತ್ತಾರೆ, ಬೇರೆ ಸಾಲ ನೋಡುತ್ತಾರೆ, ಇಷ್ಟು ಕೊಡುತ್ತೀವಿ ಅನ್ನುತ್ತಾರೆ. ನಿನ್ನ ಪೆಟ್ರೋಲ್ ಅವರ ಕಾಗದದಲ್ಲಿ ಇರುವುದಿಲ್ಲ. ಚಿಕಾಗೋದ ಒಂದು ಸಂಸ್ಥೆ ಅದಕ್ಕೇ ಮನೆ ಖರ್ಚು, ಓಡಾಟದ ಖರ್ಚು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಎರಡೂ ಸೇರಿ ಆದಾಯದ 45% ದಾಟಬಾರದು ಅನ್ನುವುದು ಅವರ ಅಳತೆ. ನಿಮ್ಮದನ್ನು ಹಾಕಿ ನೋಡು. ದೂರದ ಮನೆಗೆ ಇನ್ನೊಂದು ಕಾರು ಬೇಕೇಬೇಕು ಅಂತಾದರೆ ಅದರ ಕಂತು, ಇನ್ಶೂರೆನ್ಸ್, ಸರ್ವೀಸ್, ಟೈರು ಎಲ್ಲ ಮನೆಯ ಬೆಲೆಯೇ.

ಇನ್ನೊಂದು, ಇದನ್ನು ಯಾರೂ ಪ್ಲಾನ್‌ನಲ್ಲಿ ಬರೆಯುವುದಿಲ್ಲ. ಮಧ್ಯಾಹ್ನ ಮಗುವಿಗೆ ಜ್ವರ ಬಂದರೆ ಶಾಲೆಯವರು ಯಾರಿಗೆ ಫೋನ್ ಮಾಡುತ್ತಾರೆ? ನಿನಗೆ. ಅಳಿಯಂದಿರು ಒಳ್ಳೆಯವರೇ, ಆದರೂ ಮೊದಲ ಫೋನು ನಿನಗೇ. 20 ನಿಮಿಷದಲ್ಲಿ ಹೋಗುವುದಕ್ಕೂ ಒಂದು ಗಂಟೆ ಸಿಗ್ನಲ್‌ಗಳಲ್ಲಿ ಕೈ ಹಿಸುಕಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಗಂಟೆಯ ಲೆಕ್ಕದಲ್ಲಿ ಹಾಕಿಲ್ಲ.

ನಿನ್ನ ಈಗಿನ ಆಫೀಸಿಗೆ ಎಷ್ಟು ಹೊತ್ತು ಅಂತ ಮಾತ್ರ ನೋಡಬೇಡ. ಕೆಲಸ ಬದಲಾಗುತ್ತದೆ, ಮನೆ ಬದಲಾಗುವುದಿಲ್ಲ. ನಿನ್ನ ಥರದ ಕೆಲಸಗಳು ಊರಿನ ಯಾವ ಭಾಗದಲ್ಲಿ ಹೆಚ್ಚಿವೆ, ಅಳಿಯಂದಿರದ್ದು ಯಾವ ಕಡೆ, ಎರಡೂ ಕಡೆಗೆ ಯಾವ ಮನೆಯಿಂದ ಹೋಗಬಹುದು ಅಂತ ನೋಡು.

ಕೊನೆಗೆ, 65 ನಿಮಿಷ ಅಂದೆಯಲ್ಲ, ಅದು ಎಲ್ಲಿಂದ ಬಂತು? ಶನಿವಾರ ಮಧ್ಯಾಹ್ನ ಮನೆ ನೋಡೋಕೆ ಹೋದಾಗಿನದ್ದು ತಾನೇ? ಅಡ್ವಾನ್ಸ್ ಕೊಡುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆ ಗೇಟಿನ ಮುಂದೆ ಹೋಗಿ ನಿಲ್ಲು. ದಿನಾ ಹೊರಡುವ ಹೊತ್ತಿಗೇ ಹೊರಡು. ಪಾರ್ಕಿಂಗು, ಲಿಫ್ಟು ಎಲ್ಲ ಸೇರಿಸಿ, ನಿನ್ನ ಕುರ್ಚಿಯಲ್ಲಿ ಕೂತಾಗ ಗಡಿಯಾರ ನೋಡು. ಸಂಜೆ ಅಲ್ಲಿಗೇ ವಾಪಸ್ ಹೋಗು. ಮಳೆ ಬರುವ ದಿನ ಇನ್ನೊಂದು ಸಲ ಮಾಡು. ಒಂದು ದಿನ ಅಳಿಯಂದಿರೇ ಓಡಿಸಲಿ. ಬಂದ ಸಮಯವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೋ, ಎಲ್ಲಕ್ಕಿಂತ ಕೆಟ್ಟ ದಿನದ್ದಕ್ಕೆ ಒಂದು ಗೆರೆ ಎಳೆ. ಮೀಟಿಂಗ್ ಇರುವ ದಿನ ಆ ಹೊತ್ತನ್ನು ಇಟ್ಟುಕೊಂಡೇ ನೀನು ಮನೆ ಬಿಡಬೇಕಾಗುವುದು.

ಇಷ್ಟೆಲ್ಲ ಮಾಡಿದ ಮೇಲೂ ದೂರದ್ದೇ ಬೇಕು ಅನ್ನಿಸಿದರೆ ತಗೋ. ಆ ಮುಂದಿನ ಜಾಗದಲ್ಲಿ ಗಿಡ ಇಡೋಕೆ ನಾನೇ ಬರುತ್ತೇನೆ. ನನ್ನನ್ನು ಕೇಳಿದರೆ ಹತ್ತಿರದ್ದು. ಚೀಟಿಯ ಫೋಟೋ ಕಳಿಸು, ನಿಮ್ಮಪ್ಪ ಕಾಯುತ್ತಿದ್ದಾರೆ. ಅವರು ಆಗಲೇ ನಿಮ್ಮ 45% ಲೆಕ್ಕಕ್ಕೆ ಒಂದು ಹಾಳೆ ಗೆರೆ ಹಾಕಿಟ್ಟಿದ್ದಾರೆ.

ನಿನ್ನ
ಅಮ್ಮ