ಭಾನುವಾರ ರುದ್ರಭೂಮಿಯಲ್ಲಿ ಗುರುತಿನ ಕಲ್ಲುಗಳ ಕೆಲಸ

ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಮಂಡ್ಯದ ನಮ್ಮ ರುದ್ರಭೂಮಿಯಲ್ಲಿ, ವಾರಸುದಾರರಿಲ್ಲದ ಶವಗಳನ್ನು ಹೂಳಿರುವ ಹಿಂಬದಿಯ ಸಾಲಿನ ಪಾರ್ಥೇನಿಯಂ ಕಿತ್ತು, ಕಲ್ಲುಗಳಿಗೆ ಮತ್ತೆ ಸಂಖ್ಯೆ ಬರೆಯಲಾಗುವುದು. ಕಳೆದ ಮಳೆಗೆ ಮೂರು ಕಲ್ಲುಗಳು ಮಗುಚಿವೆ; ಒಂದರ ಮೇಲೆ ‘ವಿ.ಸಿ. ನಾಲೆ, ಗಂಡಸು’ (ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಸಿಕ್ಕ ಗಂಡಸಿನ ಶವ) ಎಂಬಷ್ಟೇ ಉಳಿದಿದೆ. ಸುಣ್ಣದ ಬರಹ ನಿಲ್ಲದೆಂದು ಅಂದೇ ಹೇಳಿದ್ದೆ, ಇರಲಿ. ಗುರುತು ಸಿಗದ ಶವವನ್ನು ಸುಡದೆ ಹೂಳುವುದೇ, ಮುಂದೆ ಬಂಧುಗಳು ಬಂದರೆ ತಹಶೀಲ್ದಾರರ ಸಮ್ಮುಖದಲ್ಲಿ ಹೊರತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಲು ಸಾಧ್ಯವಾಗಲೆಂದು. ಆದ್ದರಿಂದ ಪೊಲೀಸರ ಯುಡಿಆರ್ (ಅಸಹಜ ಸಾವಿನ ವರದಿ) ಸಂಖ್ಯೆಯನ್ನೂ ಹೂಳಿದ ದಿನಾಂಕವನ್ನೂ ಎಣ್ಣೆಬಣ್ಣದಲ್ಲೇ ಬರೆಯೋಣ. ನೋಂದಣಿ ಪುಸ್ತಕ ನಾನು ತರುತ್ತೇನೆ. ಗುದ್ದಲಿ, ಕೈಗವಸು ನೀವು ತನ್ನಿ. ಅಲ್ಲಿನ ಫೋಟೋಗಳನ್ನು ಗುಂಪಿನಲ್ಲಿ ಹಾಕಬಾರದು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.