ಗೋಜಿ ಸಾರದ ಡಬ್ಬಿಯ ಮೇಲೆ ಎಚ್ಚರಿಕೆಯೂ ಇರಲಿ

ಮಾನ್ಯ ಸಂಪಾದಕರೆ,

ಗೋಜಿ ಹಣ್ಣಿನ ಸಾರವನ್ನು ಮಾತ್ರೆ, ಪುಡಿಗಳ ರೂಪದಲ್ಲಿ ಆಹಾರ ಪೂರಕವೆಂದು ಮಾರುವವರು ಹಣ್ಣಿಗಿರುವ ಒಳ್ಳೆಯ ಹೆಸರನ್ನು ಸಾರಕ್ಕೂ ಹಾಗೆಯೇ ಅಂಟಿಸುತ್ತಿದ್ದಾರೆ. ಟೊಮೆಟೊ, ಬದನೆಗಳ ಕುಟುಂಬಕ್ಕೇ ಸೇರಿದ, ಚೀನಾದ ನಿಂಗ್‌ಶಿಯಾ ಪ್ರದೇಶದಲ್ಲಿ ಹೆಚ್ಚಾಗಿ ಬೆಳೆಯುವ ಈ ಹಣ್ಣನ್ನು ಅಲ್ಲಿನ ಜನ ಶತಮಾನಗಳಿಂದ ಒಣಗಿಸಿ ಅಡುಗೆಗೂ ಕಷಾಯಕ್ಕೂ ಬಳಸುತ್ತ ಬಂದಿದ್ದಾರೆ. ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ‘ಕಣ್ಣಿಗೆ ಒಳ್ಳೆಯದು’ ಎಂಬ ಮಾತನ್ನೇ ನೋಡಿ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದಿನಕ್ಕೆ 28 ಗ್ರಾಂನಂತೆ ವಾರಕ್ಕೆ ಐದು ದಿನ, 90 ದಿನಗಳ ಕಾಲ ಗೋಜಿ ತಿಂದ ಆರೋಗ್ಯವಂತರ ಅಕ್ಷಿಪಟಲದಲ್ಲಿ ರಕ್ಷಕ ವರ್ಣದ್ರವ್ಯದ ಸಾಂದ್ರತೆ ಹೆಚ್ಚಿದ್ದು ಕಂಡುಬಂದಿತು. ಅದರಲ್ಲಿ ಪಾಲ್ಗೊಂಡವರು ಕೇವಲ 27 ಮಂದಿ. ಗೋಜಿ ತಿಂದವರು ಅವರಲ್ಲಿ 13 ಮಂದಿ ಮಾತ್ರ, ಅದೂ ಒಣಹಣ್ಣನ್ನೇ ಹೊರತು ಸಾರವನ್ನಲ್ಲ. ಕಣ್ಣಿಗೆ ಬೇಕಾದ, ಅಂಥ ವರ್ಣದ್ರವ್ಯಗಳಲ್ಲೊಂದಾದ ಜಿಯಾಕ್ಸಾಂಥಿನ್ ಕೊಬ್ಬಿನಲ್ಲಿ ಕರಗುವಂಥದ್ದು. ನೀರಿನಲ್ಲಿ ಕರಗುವ ಸಂಕೀರ್ಣ ಸಕ್ಕರೆಗಳಾದ ಪಾಲಿಸ್ಯಾಕರೈಡ್‌ಗಳಿಗಾಗಿ ಬಿಸಿನೀರಿನಲ್ಲಿ ತೆಗೆದ ಸಾರದಲ್ಲಿ ಅದು ಹೆಚ್ಚಾಗಿ ಉಳಿಯುವುದೇ ಇಲ್ಲ. ಹೀಗಿರುವಾಗ ಯಾವ ವಿಧಾನದಲ್ಲಿ ಏನನ್ನು ತೆಗೆಯಲಾಗಿದೆ ಎಂಬುದನ್ನು ಹೇಳದೆ, ಬರಿದೇ ‘ಗೋಜಿ ಸಾರ’ ಎಂದು ಬರೆದು ಕಣ್ಣಿನ ಚಿತ್ರ ಅಚ್ಚು ಹಾಕುವುದು ಕೊಳ್ಳುವವರನ್ನು ದಾರಿ ತಪ್ಪಿಸಿದಂತೆಯೇ ಸರಿ.

ಇದಕ್ಕಿಂತ ಗಂಭೀರವಾದದ್ದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದೊಂದಿಗೆ ಗೋಜಿಗಿರುವ ತೊಡಕು. 2001ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ದಿನಕ್ಕೆ ಮೂರು ನಾಲ್ಕು ಲೋಟ ಗೋಜಿ ಕಷಾಯ ಕುಡಿದ, ಈ ಔಷಧ ಸೇವಿಸುತ್ತಿದ್ದ 61 ವರ್ಷದ ಮಹಿಳೆಯೊಬ್ಬರಲ್ಲಿ, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬುದರ ಅಳತೆಯಾದ ಐಎನ್‌ಆರ್, 2ರಿಂದ 3ರೊಳಗೆ ಇರಬೇಕಾದದ್ದು, 4.1ಕ್ಕೆ ಏರಿತ್ತು, ಕಷಾಯ ನಿಲ್ಲಿಸಿದ ಮೇಲೆ ಇಳಿಯಿತು. ಮುಂದೆ ಗೋಜಿ ರಸ ಕುಡಿದ ರೋಗಿಯೊಬ್ಬರಿಗೆ ಮೂಗಿನಿಂದ ರಕ್ತಸ್ರಾವವಾದದ್ದೂ ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಮಾತ್ರೆ ನುಂಗುವ ನನ್ನ ತಾಯಿಯವರು ಯಾರದೋ ಸಲಹೆಯಂತೆ ಗೋಜಿ ಸಾರದ ಡಬ್ಬಿಯೊಂದನ್ನು ತರಿಸಿಕೊಂಡಾಗ, ಅದರ ಮೇಲೆ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮುಚ್ಚಳ ತೆರೆಯುವ ಮೊದಲೇ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ.

ಆದ್ದರಿಂದ ಸಾರ ತೆಗೆದ ವಿಧಾನ, ಅದರಲ್ಲಿರುವ ಘಟಕಗಳ ಪ್ರಮಾಣ ಮತ್ತು ವಾರ್ಫರಿನ್ ಸೇವಿಸುವವರಿಗೆ ಸ್ಪಷ್ಟ ಎಚ್ಚರಿಕೆ, ಈ ಮೂರನ್ನೂ ಡಬ್ಬಿಯ ಮುಂಬದಿಯಲ್ಲಿ, ಹಿರಿಯರು ಕನ್ನಡಕವಿಲ್ಲದೆಯೂ ಓದಬಲ್ಲಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುವುದನ್ನು ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಇಂಥ ಪೂರಕಗಳ ಜಾಹೀರಾತು ಪ್ರಕಟಿಸುವ ಪತ್ರಿಕೆಗಳು ಈ ಎಚ್ಚರಿಕೆಯನ್ನೂ ಅದೇ ಪುಟದಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ